ಒಂದೆಲಗದ ಹಸಿರು

ಬ್ರಹ್ಮಾವರದ ಬಸ್ ಸ್ಟ್ಯಾಂಡಿನಲ್ಲಿ ಹೂವು ಮಾರುವ ಬೇಬಿಯಕ್ಕ ತಲೆಗೆ ಎಣ್ಣೆ ಹಚ್ಚಿಕೊಂಡದ್ದು ಭಾನುವಾರ ಬೆಳಿಗ್ಗೆ ಏಳಕ್ಕೆ. ಏಳೂಕಾಲಿಗೆ ಅವರು ಕಿರುಚುತ್ತ ಬಾವಿಕಟ್ಟೆಗೆ ಓಡಿದರು. ನೆತ್ತಿಯಲ್ಲಿ ಬೊಕ್ಕೆ ಎದ್ದಿತ್ತು. ಎಣ್ಣೆ ಹಣೆಯಿಂದ ಇಳಿದು ಬಲಗಣ್ಣಿಗೂ ಹೋಗಿತ್ತು. ಪಕ್ಕದ ಮನೆಯವರು ರಿಕ್ಷಾದಲ್ಲಿ ಆಸ್ಪತ್ರೆಗೆ ಒಯ್ದರು. ಡಾಕ್ಟರು ಕಣ್ಣಿಗೆ ಪಟ್ಟಿ ಕಟ್ಟಿದರು. ಹತ್ತು ದಿನ ಕಳೆಯದೆ ಏನೂ ಹೇಳಲಾರೆ ಎಂದರು.

ಬಾಟಲಿಯ ಮೇಲೆ ‘ಕುಸುಮ ಒಂದೆಲಗ ತೈಲ, ಬಾರ್ಕೂರು’ ಎಂದು ಬರೆದಿತ್ತು. ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಕುಂದಾಪುರದ ನಮ್ಮ ಪ್ರೆಸ್ಸಿನ ಹೆಸರು. ಆ ಲೇಬಲ್ಲನ್ನು ಕಂಪ್ಯೂಟರಿನಲ್ಲಿ ಮಾಡಿದವಳು ನಾನು.

ನನ್ನ ಹೆಸರು ಕ್ಷಮಾ. ಹೆಸರಿಟ್ಟವರು ನಾನು ಗಿರಾಕಿಗಳ ಜೊತೆ ಮಾತಾಡುವುದನ್ನು ಕೇಳಿಲ್ಲ. ಆರು ವರ್ಷದಿಂದ ಡಿಟಿಪಿ ಮಾಡುತ್ತಿದ್ದೇನೆ. ಆರು ವರ್ಷದಿಂದ ಎಲ್ಲರದ್ದೂ ಒಂದೇ ಮಾತು. ಸ್ಕ್ರೀನಿನಲ್ಲಿ ಕಂಡ ಹಾಗೇ ಬರಬೇಕು. ಬರುವುದಿಲ್ಲ ಮಾರಾಯರೇ. ಸ್ಕ್ರೀನಿನ ಬಣ್ಣ ಬೆಳಕು. ಕಾಗದದ ಬಣ್ಣ ಶಾಯಿ. ಇಷ್ಟು ಹೇಳುವಷ್ಟರಲ್ಲಿ ಗಂಟಲು ಒಣಗುತ್ತದೆ. ಕೇಳಿದವರು ತಲೆ ಆಡಿಸಿ, ‘ಆದ್ರೂ ಸ್ಕ್ರೀನಲ್ಲಿ ಕಂಡಂಗೇ ಮಾಡಿ’ ಎಂದು ಹೊರಡುತ್ತಾರೆ.

ಸೋಮವಾರ ಒಂಬತ್ತೂವರೆಗೆ ಎಸ್.ಐ. ರಾಜೇಂದ್ರ ಬಂದರು. ಚಿತ್ರದುರ್ಗದ ಕಡೆಯವರು. ಈ ಸೆಕೆಯ ಊರಿಗೆ ವರ್ಗವಾಗಿ ಬಂದದ್ದೇ ಅವರಿಗೊಂದು ಶಿಕ್ಷೆಯಾಗಿತ್ತು. ಜೊತೆಗೆ ಕೋಟೇಶ್ವರದ ಹೆಣ್ಣುಮಗಳು, ಮಹಿಳಾ ಪೇದೆ ವನಜ. ಎಸ್.ಐ. ಬಾಟಲಿಯನ್ನು ನನ್ನ ಕೀಬೋರ್ಡಿನ ಮೇಲೆಯೇ ಇಟ್ಟರು.

"ಈ ಲೇಬಲ್ ನಿಮ್ದೇನಾ?"

ಒಂದೇ ನೋಟ ಸಾಕಾಯಿತು. "ಅಲ್ಲ ಸರ್."

"ಪ್ರೆಸ್ಸಿನ ಹೆಸರು ಇದೆಯಲ್ರೀ!"

"ಹೆಸರು ಯಾರ್ ಬೇಕಾರೂ ಹಾಕುಕೆ ಆತ್ತ್. ಈ ಬಣ್ಣ ನಮ್ದಲ್ಲ. ಇದ್ ನೀಲಿ ಹೊಡಿತ್ತ್."

ಡ್ರಾಯರಿನಿಂದ ನಮ್ಮ ಲೇಬಲ್ ತೆಗೆದೆ. ಎರಡನ್ನೂ ಬಾಗಿಲಿನ ಬಿಸಿಲಿಗೆ ಹಿಡಿದು ತೋರಿಸಿದೆ. ಎಸ್.ಐ. ಕಣ್ಣು ಕಿರಿದು ಮಾಡಿದರು. ಕನ್ನಡಕ ತೆಗೆದರು, ಮತ್ತೆ ಹಾಕಿದರು.

"ಎರಡೂ ಹಸಿರೇ."

"ಇಲ್ಲ ಸರ್," ಎಂದಳು ವನಜ. "ಬೇರೆ ಬೇರೆ. ಈ ಸೀರೆಗೆ ಆ ಬ್ಲೌಸ್ ಆತಿಲ್ಲೆ."

"ನಿಂಗೂ ಶುರುವಾಯ್ತಾ?" ಎಂದರು ಎಸ್.ಐ.

ಅಷ್ಟರಲ್ಲಿ ಜೀಪಿನಿಂದ ಕುಸುಮಕ್ಕ ಇಳಿದು ಬಂದರು. ಬಾರ್ಕೂರಿನಲ್ಲಿ ಮನೆಯ ಹಿಂದಿನ ಶೆಡ್ಡಿನಲ್ಲಿ ಆರು ಹೆಂಗಸರನ್ನು ಇಟ್ಟುಕೊಂಡು ಒಂದೆಲಗದ ಎಣ್ಣೆ ಕಾಯಿಸುವವರು. ಭಾನುವಾರ ಸಂಜೆಯೇ ಪೊಲೀಸರು ಶೆಡ್ಡಿಗೆ ಬೀಗ ಜಡಿದು ಸೀಲ್ ಮಾಡಿದ್ದರು. ಅತ್ತು ಅತ್ತು ಅವರ ಮುಖ ಊದಿತ್ತು.

"ನನ್ನ ಎಣ್ಣೆ ಅಲ್ಲ ಸರ್ ಅದ್! ವಾಸನೆ ಕಾಣಿ. ಸೀಮೆಣ್ಣೆ ಕಂಡಂಗ್ ಇತ್ತ್. ನನ್ನ ಲೇಬಲ್ ಇಪ್ಪುದ್ ಇವ್ಳ ಕಂಪ್ಯೂಟರಲ್ ಮಾತ್ರ. ಇವ್ಳೇ ಯಾರಿಗೋ ಮಾರಿದ್ಲ್!"

ನನಗೆ ಮೈ ಉರಿಯಿತು. ಈ ಹೆಂಗಸು ಆ ಹಸಿರಿಗಾಗಿ ನನ್ನ ಜೀವ ತಿಂದದ್ದು ಇಡೀ ಕುಂದಾಪುರಕ್ಕೆ ಗೊತ್ತು.

* * *

ಆ ಕಥೆಯನ್ನು ಎಸ್.ಐ. ಅವರಿಗೂ ಹೇಳಬೇಕಾಯಿತು.

ಅದು 2007ರ ಬೇಸಿಗೆ. ಕುಸುಮಕ್ಕ ಒಂದೆಲಗದ ಹಸಿ ಎಲೆಯನ್ನು ಟಿಫಿನ್ ಡಬ್ಬಿಯಲ್ಲಿ ಹಾಕಿಕೊಂಡು ಬಂದರು. ಸ್ಕ್ರೀನಿಗೆ ಎಲೆ ಒತ್ತಿ, ಈ ಹಸಿರೇ ಬೇಕು ಎಂದರು. ಮಾಡಿದೆ. ಸ್ಕ್ರೀನಿನಲ್ಲಿ ಎಲೆ ಯಾವುದು, ಬಣ್ಣ ಯಾವುದು ಗೊತ್ತಾಗದಷ್ಟು ಚೆನ್ನಾಗಿ ಕೂತಿತು. ಕಾಗದದಲ್ಲಿ ಮಂಕಾಗಿ ಬಂತು. ಮತ್ತೆ ಮಾಡಿದೆ, ಮತ್ತೆ ಮಂಕು. ಒಂಬತ್ತು ಸಲ ಪ್ರೂಫ್ ತೆಗೆದೆವು. ಹತ್ತನೆಯ ಸಲ ಕುಸುಮಕ್ಕ ಬಾರ್ಕೂರಿನ ಬಸ್ಸಿಳಿದು ಬರುವುದು ಕಂಡು ನಾನು ಹಿಂದಿನ ಬಾಗಿಲಿನಿಂದ ಹೊರಟುಹೋಗಿದ್ದೆ.

ಕೊನೆಗೆ ಅದನ್ನು ಸರಿಮಾಡಿದವರು ನಮ್ಮ ಮಷೀನ್ ಮ್ಯಾನ್ ಐತಣ್ಣ. ಕಂಪ್ಯೂಟರಿನ ಕಡೆ ಅವರು ತಿರುಗಿಯೂ ನೋಡುವುದಿಲ್ಲ. ಎಲೆಯನ್ನು ಕೈಯಲ್ಲಿ ಹಿಡಿದು, ಕಲ್ಲಿನ ಮೇಲೆ ಎರಡು ಮೂರು ಡಬ್ಬಿಯ ಇಂಕ್ ಸುರಿದು, ಚೂರಿಯಲ್ಲಿ ಕಲಸಿದರು. ಹೆಬ್ಬೆರಳಿನಲ್ಲಿ ಕಾಗದಕ್ಕೆ ಒತ್ತಿ ಬಿಸಿಲಿಗೆ ಹಿಡಿದರು. ಒಂದೆಲಗದ ಹಸಿರು ಕಾಗದದ ಮೇಲೆ ಬಂದಿತ್ತು. ಕುಸುಮಕ್ಕ ಮೊದಲ ಸಲ ನಕ್ಕರು. ಈ ಗುಟ್ಟನ್ನು ನಾವು ಯಾರಿಗೂ ಹೇಳಲಿಲ್ಲ. ಕಂಪ್ಯೂಟರ್ ಕಲಿತ ನನಗೆ ಅದು ನಾಚಿಕೆಯ ವಿಷಯವೂ ಆಗಿತ್ತು.

"ಅದಕ್ಕೂ ಇದಕ್ಕೂ ಏನು ಸಂಬಂಧ?" ಎಂದರು ಎಸ್.ಐ.

ಐತಣ್ಣ ಭೂತಗನ್ನಡಿ ತಂದುಕೊಟ್ಟರು. "ಕಾಣಿ ಸಾಯೇಬ್ರೆ. ನಮ್ದ್ರಲ್ಲಿ ಚುಕ್ಕಿ ಇಲ್ಲೆ. ಪೂರಾ ಒಂದೇ ಇಂಕ್. ಅದ್ರಲ್ಲಿ ನೀಲಿ ಚುಕ್ಕಿ, ಹಳ್ದಿ ಚುಕ್ಕಿ. ಎರ್ಡೂ ಸೇರಿ ಹಸ್ರ್ ಕಂಡಂಗ್ ಕಾಂತ್. ಇದ್ನ ಮಾಡ್ದವಂಗೆ ನನ್ನ ಇಂಕ್ ವಿಷ್ಯ ಗೊತ್ತಿಲ್ಲೆ. ಅವ ಫೈಲ್ ನಂಬಿದ."

ಎಸ್.ಐ. ಭೂತಗನ್ನಡಿಯಲ್ಲಿ ತುಂಬ ಹೊತ್ತು ನೋಡಿದರು. ಈ ಸಲ ಅವರಿಗೂ ಕಂಡಿತು.

"ಸರಿ. ಆದ್ರೆ ನೀವೇ ಬೇಕೂಂತ ಬೇರೆ ತರ ಮಾಡಿರಬಹುದಲ್ಲ? ಫೈಲ್ ಇರೋದು ಈ ಯಮ್ಮನ ಹತ್ರ ಮಾತ್ರ. ಗುರುವಾರದವರೆಗೆ ಟೈಮ್ ಕೊಡ್ತೀನಿ. ಅಷ್ಟರಲ್ಲಿ ಯಾರು ಅಂತ ನೀವಾಗೇ ಹೇಳಿ. ಇಲ್ದಿದ್ರೆ ನೀವೇ ಜೀಪು ಹತ್ತಬೇಕಾಗುತ್ತೆ."

ಗುರುತಿಗೆಂದು ಒಂದು ನಕಲಿ ಲೇಬಲ್ ಬಿಟ್ಟು ಅವರು ಹೋದ ಮೇಲೆ ಎರಡನ್ನೂ ಮತ್ತೆ ನೋಡಿದೆ. ಬಣ್ಣದ ಗಲಾಟೆಯಲ್ಲಿ ಚಿತ್ರ ನೋಡಿರಲೇ ಇಲ್ಲ. ನಮ್ಮ ಲೇಬಲ್ಲಿನಲ್ಲಿ ಐದು ಎಲೆ. ನಕಲಿಯಲ್ಲಿ ನಾಲ್ಕು.

ಮೊದಲು ನಾನು ನಾಲ್ಕೇ ಎಲೆ ಬರೆದಿದ್ದೆ. ಕೊನೆಯ ಪ್ರೂಫ್ ನೋಡಿದ ಕುಸುಮಕ್ಕನ ಅತ್ತೆ, ಸರಿಸಂಖ್ಯೆ ಶುಭವಲ್ಲ, ಇನ್ನೊಂದು ಎಲೆ ಹಾಕಿಸು ಎಂದು ಹೇಳಿ ಕಳಿಸಿದ್ದರು. ಹಾಕಿದೆ. ಹಳೆಯ ಫೈಲಿನ ಮೇಲೆಯೇ ಹೊಸದನ್ನು ಉಳಿಸಿದೆ. ನಾಲ್ಕೆಲೆಯ ಲೇಬಲ್ ಯಾವತ್ತೂ ಮಾರುಕಟ್ಟೆಗೆ ಹೋಗಿಲ್ಲ. ನನ್ನ ಕಂಪ್ಯೂಟರಿನಲ್ಲೂ ಇಲ್ಲ.

ಅದು ಇದ್ದದ್ದು ಮೂರು ಸೀಡಿಯಲ್ಲಿ. ಒಂಬತ್ತು ಪ್ರೂಫ್ ಹಾಳಾದ ಸಿಟ್ಟಿನಲ್ಲಿ ನಾನೇ ಮೂರು ಜನರಿಗೆ ಸೀಡಿ ಬರೆದು ಕೊಟ್ಟಿದ್ದೆ. ಈ ಹಾಳು ಹಸಿರನ್ನು ಹೇಗಾದರೂ ಸರಿಮಾಡಿಕೊಡಿ ಎಂದು ಕೇಳಿಕೊಂಡಿದ್ದೆ. ಬೇಬಿಯಕ್ಕನ ಕಣ್ಣು ಹೋದರೆ ಅದಕ್ಕೆ ದಾರಿ ಮಾಡಿಕೊಟ್ಟವಳು ನಾನೇ.

* * *

ಮಧ್ಯಾಹ್ನ ಎಸ್.ಐ.ಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಬೆಳಿಗ್ಗೆ ಬಾಯಿಗೆ ಏನಾಗಿತ್ರೀ?"

"ಬೆಳಿಗ್ಗೆ ಎಲೆ ಲೆಕ್ಕ ಮಾಡಿರ್ಲಿಲ್ಲ ಸರ್."

"ದೇವರೇ," ಎಂದರು ಎಸ್.ಐ.

ಮಂಗಳವಾರ ಎಸ್.ಐ., ವನಜ, ನಾನು ಜೀಪಿನಲ್ಲಿ ಹೊರಟೆವು. ಮೊದಲು ಕುಂಭಾಶಿ. ಅಲ್ಲಿ ಪ್ರಣೀತಾ ಎಂಬ ನನ್ನ ಗೆಳತಿ ಫ್ಲೆಕ್ಸ್ ಬೋರ್ಡಿನ ಕೆಲಸ ಮಾಡುತ್ತಾಳೆ. ಸೀಡಿ ಎಲ್ಲಿ ಎಂದು ಕೇಳಿದ್ದಕ್ಕೆ ಅವಳು ನಾಲಗೆ ಕಚ್ಚಿಕೊಂಡಳು.

"ಬೈಬೇಡ ಹೆಣೆ. ಕಂಪ್ಯೂಟರಿಗ್ ಹಾಕ್ಲೇ ಇಲ್ಲೆ. ಚಿಕ್ಕು ಮರಕ್ ಕಟ್ಟಿದೆ. ಬಾವಲಿ ಕಾಟ."

ಹಿತ್ತಿಲಿಗೆ ಹೋಗಿ ನೋಡಿದೆವು. ಚಿಕ್ಕು ಮರದಲ್ಲಿ ನನ್ನ ಸೀಡಿ ದಾರದಲ್ಲಿ ನೇತಾಡುತ್ತಿತ್ತು. ನನ್ನದೇ ಕೈಬರಹ, ‘ಹಸಿರು, ಅರ್ಜೆಂಟ್’. ಬಿಸಿಲಿಗೆ ಬಿರಿದು ಪದರ ಎದ್ದುಹೋಗಿತ್ತು. ಅದಕ್ಕೆ ಬಾವಲಿಯೂ ಹೆದರಿರಲಿಲ್ಲ, ಕೆಳಗೆಲ್ಲ ಅರ್ಧ ತಿಂದ ಚಿಕ್ಕು ಬಿದ್ದಿತ್ತು.

"ಇವಳನ್ನು ಬಿಡಿ," ಎಂದರು ಎಸ್.ಐ. ಆಮೇಲೆ ನನ್ನ ಕಡೆ ತಿರುಗಿ, "ಅರ್ಜೆಂಟ್!" ಎಂದರು.

ಬ್ರಹ್ಮಾವರದಲ್ಲಿ ರೋಷನ್. ಕಂಪ್ಯೂಟರ್ ಕ್ಲಾಸ್ ನಡೆಸುವವನು. ಅವನ ಕ್ಲಾಸ್ ಇರುವುದು ಮೊದಲ ಮಹಡಿಯಲ್ಲಿ. ಕೆಳಗೇ ದಿನಸಿ ಅಂಗಡಿ. ಬೇಬಿಯಕ್ಕ ಎಣ್ಣೆ ಕೊಂಡದ್ದು ಅದೇ ಅಂಗಡಿಯಲ್ಲಿ. ಬೈಕಿನಲ್ಲಿ ಹೆಲ್ಮೆಟ್ ಹಾಕಿದವನೊಬ್ಬ ಹನ್ನೆರಡು ಬಾಟಲಿ ಕೊಟ್ಟುಹೋದ, ಮುಖ ನೋಡಿಲ್ಲ ಎಂದರು ಅಂಗಡಿಯವರು. ರೋಷನ್ ಹತ್ತಿರ ಬೈಕೂ ಇತ್ತು, ಹೆಲ್ಮೆಟ್ಟೂ ಇತ್ತು. ಸೀಡಿ ಮಾತ್ರ ಇರಲಿಲ್ಲ.

"ಎಲ್ಲಿಟ್ಟಿದೆ ಅಂದ್ ನೆನ್ಪಿಲ್ಲ ಸರ್. ಟ್ರೈ ಮಾಡಿದ್ದೆ. ಸರಿ ಬರ್ಲಿಲ್ಲ."

ಅವನ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಎಸ್.ಐ. ಮುಖ ಅರಳಿತು. ಎರಡು ದಿನದಲ್ಲಿ ಅವರು ನಕ್ಕದ್ದು ಅದೇ ಮೊದಲು.

ಕೊನೆಗೆ ಬೈಂದೂರು. ರಂಜನಣ್ಣನ ಸ್ಟುಡಿಯೋ. ಅಲ್ಲಿಗೆ ಹೋಗುವುದಕ್ಕೇ ನನಗೆ ಸಂಕೋಚ. ರಂಜನಣ್ಣ ನನಗಿಂತ ಮೊದಲು ನಮ್ಮ ಪ್ರೆಸ್ಸಿನಲ್ಲಿ ಡಿಟಿಪಿ ಮಾಡುತ್ತಿದ್ದವರು. ಮೌಸ್ ಹಿಡಿಯಲು ಬಾರದ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿಸಿದರು. ಸ್ಕ್ರೀನ್ ನಂಬಬೇಡ, ಕಾಗದವನ್ನು ಬಿಸಿಲಿಗೆ ಹಿಡಿದು ನೋಡು ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಆಮೇಲೆ ಊರಿನಲ್ಲಿ ಸ್ಟುಡಿಯೋ ಹಾಕಿದರು. ಈಗ ಮನೆಮನೆಯಲ್ಲೂ ಡಿಜಿಟಲ್ ಕ್ಯಾಮೆರಾ. ಹಾಗಾಗಿ ಸ್ಟುಡಿಯೋದ ಬೆಂಚು ಖಾಲಿಯಿತ್ತು.

ರಂಜನಣ್ಣ ನಮ್ಮನ್ನು ಕೂರಿಸಿ ಸೋಡಾ ಶರಬತ್ತು ತರಿಸಿದರು.

"ಆ ಸೀಡಿ ಆವಾಗ್ಲೇ ಬಿಸಾಡಿದೆ ಮಾರಾಯ್ತಿ. ಆ ಹಸ್ರ್ ಕಂಪ್ಯೂಟರಲ್ ಆಪುದಲ್ಲ. ಅದಿರ್ಲಿ, ಕಡೀಕ್ ಹ್ಯಾಂಗ್ ಸಮ ಮಾಡ್ದೆ?"

"ಹ್ಯಾಂಗೋ ಆಯ್ತ್," ಎಂದೆ.

ಮೇಜಿನ ಮೇಲೆ ಪಾಸ್‌ಪೋರ್ಟ್ ಫೋಟೋಗಳಿದ್ದವು. ಎಲ್ಲರ ಮುಖವೂ ಮೂರು ದಿನ ಚಳಿಯಲ್ಲಿ ನಿಂತವರ ಹಾಗೆ ನೀಲಿಗಟ್ಟಿತ್ತು. ನಾನು ನೋಡುವುದನ್ನು ಕಂಡು ಅವರು ಬೇಸರದಿಂದ ಫೋಟೋಗಳನ್ನು ಕವರಿಗೆ ತುರುಕಿದರು. "ಪ್ರಿಂಟ್ ಹಾಕುವ ಲ್ಯಾಬಿನವ್ರ್ ಹಾಳ್ ಮಾಡ್ತ್ರ್. ಎಷ್ಟ್ ಹೇಳಿರೂ ಅಷ್ಟೇ."

ವಾಪಸ್ ಬರುವಾಗ ಎಸ್.ಐ. ಖುಷಿಯಲ್ಲಿದ್ದರು. "ರೋಷನ್ನೇ. ಅಂಗಡಿ ಕೆಳಗೆ, ಬೈಕ್ ಇದೆ, ಸೀಡಿ ಇಲ್ಲ. ನಾಳೆ ಎತ್ತಾಕ್ಕೊಂಡು ಬರೋದು."

"ಸರ್, ಸ್ವಂತ ಕ್ಲಾಸಿನ ಕೆಳಗೇ ಯಾರಾದ್ರೂ ಕಳ್ಳಮಾಲು ಇಡ್ತಾರಾ?"

"ಕಳ್ಳರಿಗೆ ಬುದ್ಧಿ ಇದ್ರೆ ನಂಗೆ ಕೆಲಸ ಇರ್ತಿತ್ತೇನ್ರೀ?"

ಆ ನೀಲಿ ಮುಖಗಳು ಕಣ್ಣಿನಿಂದ ಹೋಗಲಿಲ್ಲ. ತ್ರಾಸಿಯ ಹತ್ತಿರ ಬರುವಾಗ ವಿಷಯ ಹೊಳೆಯಿತು. ಹೊಳೆಯಬಾರದಿತ್ತು ಅನ್ನಿಸಿತು.

"ಸರ್, ಒಂದ್ ಬ್ಲೌಸ್ ಪೀಸ್ ಬೇಕಿತ್ತ್," ಎಂದೆ.

ಎಸ್.ಐ. ಡ್ರೈವರಿಗೆ ಜೀಪು ನಿಲ್ಲಿಸಲು ಹೇಳಿದರು. ಹಿಂದೆ ತಿರುಗಿ ನನ್ನನ್ನೇ ನೋಡಿದರು.

* * *

ಕುಂದಾಪುರದ ದೇವು ಅವರ ಮ್ಯಾಚಿಂಗ್ ಸೆಂಟರಿನಲ್ಲಿ ಇನ್ನೂರು ಬಣ್ಣದ ಬ್ಲೌಸ್ ಪೀಸ್ ಇವೆ. ಅದರಲ್ಲಿ ಹಸಿರೇ ಇಪ್ಪತ್ತಾರು. ನಮ್ಮ ಅಸಲಿ ಲೇಬಲ್ ಹಿಡಿದುಕೊಂಡು ನಾನು ಮತ್ತು ವನಜ ಒಂದೊಂದನ್ನೇ ಬೀದಿಯ ಬಿಸಿಲಿಗೆ ಒಯ್ದೆವು. ಎಸ್.ಐ. ಅಂಗಡಿಯ ಸ್ಟೂಲಿನಲ್ಲಿ ಬೆವರು ಒರೆಸಿಕೊಳ್ಳುತ್ತ ಕೂತಿದ್ದರು.

"ಇದ್ ಆತ್ತಾ?" ಎಂದರು ದೇವು.

"ಹಳ್ದಿ ಜಾಸ್ತಿ."

"ಇದ್?"

"ಮಂಕ್."

"ಅಕ್ಕಾ, ಸೀರೆ ತಕಂಡ್ ಬನ್ನಿ. ಕಾಗ್ದಕ್ ಮ್ಯಾಚಿಂಗ್ ಕೊಡುಕ್ ನನ್ಹತ್ರ ಆತಿಲ್ಲೆ."

ಹದಿನೇಳನೆಯದು ಕೂತಿತು. ಬಿಸಿಲಿನಲ್ಲಿ ಬಟ್ಟೆಯ ಮೇಲೆ ಲೇಬಲ್ ಇಟ್ಟರೆ ಎರಡೂ ಒಂದೇ. ಅದನ್ನು ಮೂರು ತುಂಡು ಮಾಡಿಸಿದೆ.

"ಈಗ ಹೇಳಿ," ಎಂದರು ಎಸ್.ಐ. "ನನ್ನ ತಾಳ್ಮೆ ಮುಗಿದಿದೆ."

"ನಕಲಿ ಮಾಡ್ದವ ಅಸಲಿ ಲೇಬಲ್ಲನ್ನ ಸ್ಕ್ರೀನಿನ ಪಕ್ಕ ಹಿಡ್ಕಂಡು ಬಣ್ಣ ಕೂರ್ಸಿದ್ದಾನೆ. ಅವನ ಸ್ಕ್ರೀನಿನಲ್ಲಿ ಅದು ಸರಿಯಾಗೇ ಕಂಡಿದೆ. ಕಾಗದದಲ್ಲಿ ನೀಲಿ ಬಂತು. ಅಂದ್ರೆ ಅವನ ಸ್ಕ್ರೀನಿಗೆ ನೀಲಿ ತೋರ್ಸುವ ಶಕ್ತಿ ಕಡ್ಮೆ."

"ಅರ್ಥ ಆಗ್ಲಿಲ್ಲ."

"ನಾಲಗೆಗೆ ಉಪ್ಪು ಗೊತ್ತಾಗದವ ಸಾರು ಮಾಡಿದ್ರೆ ಎಂತ ಮಾಡ್ತಾನೆ ಸರ್? ಉಪ್ಪು ಸುರೀತಾನೇ ಹೋಗ್ತಾನೆ. ಅವನಿಗೆ ಹದ. ಉಂಬವ್ರಿಗೆ ಉಪ್ಪು. ಹಾಗೇ ಇವ ನೀಲಿ ಸುರ್ದಿದ್ದಾನೆ."

ಎಸ್.ಐ. ನಿಧಾನವಾಗಿ ತಲೆ ಆಡಿಸಿದರು. "ಸಾರು ಅರ್ಥ ಆಯ್ತು."

"ಈ ಬಟ್ಟೆಯ ಬಣ್ಣಕ್ಕೇ ಒಂದು ನೋಟೀಸು ಮಾಡಿಕೊಡಿ ಅಂತ ರೋಷನ್ನಿಗೂ ರಂಜನಣ್ಣನಿಗೂ ಹೇಳುವ. ಅವರವರ ಸ್ಕ್ರೀನಿನಲ್ಲಿ ಮಾಡ್ಲಿ. ಫೈಲು ನಮಗೆ ಕೊಡ್ಲಿ. ಇಬ್ಬರದ್ದೂ ನಾವೇ ಒಂದೇ ಕಾಗದಕ್ಕೆ ಪ್ರಿಂಟ್ ಹಾಕುವ. ಸ್ಕ್ರೀನಿನ ತಪ್ಪು ತಾನಾಗಿ ಕಾಗದಕ್ಕೆ ಬರುತ್ತದೆ."

"ಮೈಕೈ ಗಟ್ಟಿ ಇದ್ರೆ ಸಾಕು ಅಂತ ಈ ಕೆಲಸಕ್ಕೆ ಸೇರಿದ್ದು ನಾನು," ಎಂದು ಹೇಳಿ ಎಸ್.ಐ. ಬ್ಲೌಸ್ ಪೀಸಿನ ತುಂಡುಗಳನ್ನು ವನಜಳ ಕೈಗೆ ಕೊಟ್ಟರು.

ಬುಧವಾರ ವನಜ ಸೀರೆ ಉಟ್ಟು, ಹೆರಳಿಗೆ ಅಬ್ಬಲಿಗೆ ಮುಡಿದು ಹೊರಟಳು. ಮಂಗಳವಾರ ಅವರಿಬ್ಬರ ಊರಿನಲ್ಲೂ ಅವಳು ಜೀಪಿನಿಂದ ಇಳಿದೇ ಇರಲಿಲ್ಲ, ಹಾಗಾಗಿ ಗುರುತಿನ ಭಯ ಇರಲಿಲ್ಲ. ಸ್ತ್ರೀಶಕ್ತಿ ಸಂಘದ ವಾರ್ಷಿಕೋತ್ಸವದ ನೋಟೀಸು, ನಮ್ಮ ಸಮವಸ್ತ್ರದ ಬಣ್ಣವೇ ಬರಬೇಕು, ಪ್ರಿಂಟ್ ಬೇರೆ ಕಡೆ ಹಾಕಿಸುತ್ತೇವೆ, ಸೀಡಿ ಕೊಟ್ಟರೆ ಸಾಕು ಎಂದಳು. ಇಬ್ಬರ ಹತ್ತಿರವೂ ಸ್ಕ್ರೀನಿಗೆ ಬಟ್ಟೆ ಹಿಡಿಸಿ ಕೂತಳು. ಸಂಜೆ ಐದಕ್ಕೆ ಎರಡು ಸೀಡಿ ತಂದುಕೊಟ್ಟಳು.

"ಇಬ್ರೂ ಪಾಪ ಕಷ್ಟಪಟ್ಟ್ ಮಾಡ್ದ್ರ್," ಎಂದಳು. "ಎರ್ಡ್ ಕಡೆಯೂ ಸ್ಕ್ರೀನಲ್ಲಿ ಸಮ ಇತ್ತ್."

* * *

ಗುರುವಾರ ಬೆಳಿಗ್ಗೆ ಇಬ್ಬರ ಹಸಿರೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರುವ ಹಾಗೆ ಪ್ಲೇಟು ಮಾಡಿದೆ. ನಮ್ಮದು ಹಳೆ ಮಷೀನು. ಬಣ್ಣಕ್ಕೊಂದು ಸಲ ಕಾಗದ ಒಳಗೆ ಹೋಗಿಬರಬೇಕು. ಐತಣ್ಣ ಮೊದಲು ಹಳದಿ ಓಡಿಸಿದರು. ಮಷೀನು ತೊಳೆದು ನೀಲಿ ಓಡಿಸಿದರು. ಎಸ್.ಐ. ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದರು.

ಹಾಳೆ ಒಣಗುವ ಮುಂಚೆಯೇ ಬಾಗಿಲಿಗೆ ಒಯ್ದೆ.

ಎಡಗಡೆಯದು ರೋಷನ್‌ನದು. ಮಂಕು, ಒಣಗಿದ ಬಸಳೆ ಸೊಪ್ಪಿನ ಬಣ್ಣ. ಬಲಗಡೆಯದು ನೀಲಿ ಹೊಡೆಯುತ್ತಿತ್ತು.

ಐತಣ್ಣ ನಕಲಿ ಲೇಬಲ್ಲಿನ ಹಸಿರು ಭಾಗವನ್ನು ಕತ್ತರಿಸಿ ಬಲಗಡೆಯ ಹಸಿರಿನ ಮೇಲೆ ಇಟ್ಟರು. ಬೆರಳು ತೆಗೆದರು. ಲೇಬಲ್ಲಿನ ಅಂಚು ಎಲ್ಲಿ ಮುಗಿಯಿತು ಎಂದು ಹುಡುಕಬೇಕಾಯಿತು.

"ಇದು ಯಾರದ್ದು?" ಎಂದರು ಎಸ್.ಐ.

ನಾನು ಹಾಳೆಯನ್ನು ವನಜಳ ಕಡೆ ಚಾಚಿದೆ. ವನಜಳೇ ಹೇಳಿದಳು.

"ಬೈಂದೂರಿಂದ್ ಸರ್."

"ಕೋರ್ಟಿಗೆ ಬ್ಲೌಸ್ ಪೀಸ್ ಹಾಜರು ಮಾಡಿದ್ರೆ ಜಡ್ಜ್ ಸಾಹೇಬ್ರು ನನ್ನನ್ನೇ ಒಳಗೆ ಹಾಕ್ತಾರೆ," ಎಂದರು ಎಸ್.ಐ. "ಆದ್ರೆ ಹೋಗಿ ಹುಡುಕೋದಕ್ಕೆ ಇಷ್ಟು ಸಾಕು. ನಡೀರಿ."

ನಾನು ಬರುವುದಿಲ್ಲ ಎಂದೆ. ಬೇಬಿಯಕ್ಕನ ಪಟ್ಟಿ ಕಟ್ಟಿದ ಕಣ್ಣು ನೆನಪಾಯಿತು. ಚಪ್ಪಲಿ ಮೆಟ್ಟಿಕೊಂಡು ಜೀಪು ಹತ್ತಿದೆ.

* * *

ರಂಜನಣ್ಣ ಪೊಲೀಸರನ್ನು ಕಂಡು ಹೆದರಲಿಲ್ಲ. ಯೂನಿಫಾರ್ಮಿನಲ್ಲಿದ್ದ ವನಜಳನ್ನು ಕಂಡಾಗ ಮಾತ್ರ ಕೈಯಲ್ಲಿದ್ದ ಕತ್ತರಿ ಮೇಜಿನ ಮೇಲೆ ಇಟ್ಟರು.

"ಎಂತ ಇದೆಲ್ಲ, ಕ್ಷಮಾ?"

ನಾನು ಅವರ ಕಂಪ್ಯೂಟರಿನ ಮುಂದೆ ಕೂತೆ. ಒಂದು ಖಾಲಿ ಪುಟ ತೆರೆದೆ. ಪಕ್ಕದಲ್ಲಿ ಬಿಳಿ ಹಾಳೆ ಹಿಡಿದೆ. ಸ್ಕ್ರೀನಿನ ಬಿಳಿ ಅರಿಶಿನ ನೀರು ಚಿಮುಕಿಸಿದ ಪಂಚೆಯ ಬಣ್ಣಕ್ಕಿತ್ತು.

"ಕಾಣಿ ಸರ್. ನೀಲಿ ಸತ್ತಿದೆ. ರಂಜನಣ್ಣ, ನಿಮಗೆ ಇದು ಬಿಳಿಯೇ. ದಿನಾ ನೋಡಿ ನೋಡಿ ಕಣ್ಣು ಒಗ್ಗಿಹೋಗಿದೆ. ಪಾಸ್‌ಪೋರ್ಟ್ ಫೋಟೋ ನೀಲಿ ಬಂದದ್ದು ಲ್ಯಾಬಿನವರ ತಪ್ಪಲ್ಲ. ಮುಖ ಹಳದಿ ಕಂಡಿತು ಅಂತ ನೀವೇ ನೀಲಿ ಹಾಕಿದ್ರಿ. ಲೇಬಲ್ಲಿಗೂ ಹಾಗೇ ಹಾಕಿದ್ರಿ. ನೋಟೀಸಿಗೂ ಹಾಗೇ."

"ನಾನ್ ಯಾವ ಲೇಬಲ್ ಮಾಡ್ಲಿಲ್ಲೆ."

"ನಾಲ್ಕೆಲೆಯ ಫೈಲ್ ಇದ್ದದ್ದು ಮೂರು ಸೀಡಿಯಲ್ಲಿ. ಒಂದು ಚಿಕ್ಕು ಮರದಲ್ಲಿದೆ. ಒಂದು ರೋಷನ್ ಹತ್ರ ಇತ್ತು, ಅವನ ಹಸಿರು ಮಂಕು. ಇನ್ನೊಂದು ನಿಮ್ಮದು. ಆ ಹಸಿರನ್ನು ಕಡೆಗೆ ಹೇಗೆ ಸರಿಮಾಡಿದೆ ಅಂತ ಕೇಳಿದ್ದು ನೀವೊಬ್ಬರೇ. ಅವರಿಬ್ಬರಿಗೆ ಅದು ಬೇಕಾಗಿರಲಿಲ್ಲ. ಅಸಲಿ ಲೇಬಲ್ ಪಕ್ಕದಲ್ಲೇ ಇಟ್ಕೊಂಡಿದ್ರಿ, ಬಣ್ಣ ಒಂದನ್ನೇ ನೋಡಿದ್ರಿ. ಎಲೆ ಎಣಿಸಲಿಲ್ಲ."

ಎಸ್.ಐ. ಸ್ಟುಡಿಯೋದ ಹಿಂದಿನ ಬಾಗಿಲು ತಳ್ಳಿದರು. ಫಿಲ್ಮ್ ತೊಳೆಯುತ್ತಿದ್ದ ಕಾಲದ ಡಾರ್ಕ್ ರೂಮು. ಈಗ ಯಾರಿಗೂ ಬೇಡವಾದದ್ದು. ಅಲ್ಲಿ ಖಾಲಿ ಬಾಟಲಿಗಳ ಗೋಣಿ, ಒಂದು ನೀಲಿ ಡ್ರಮ್ಮು, ಹೊರ ಜಿಲ್ಲೆಯ ಯಾವುದೋ ಪ್ರೆಸ್ಸಿನಿಂದ ಬಂದ ಲೇಬಲ್ಲಿನ ಕಟ್ಟು. ಡ್ರಮ್ಮಿನ ಮುಚ್ಚಳ ತೆಗೆದ, ಜೊತೆಗೆ ಬಂದಿದ್ದ ಇನ್ನೊಬ್ಬ ಪೇದೆ ಮೂಗು ಮುಚ್ಚಿಕೊಂಡು ಹಿಂದೆ ಸರಿದ. ಮೂಲೆಯಲ್ಲಿ ಹೆಲ್ಮೆಟ್ ಇತ್ತು. ತಮ್ಮ ಊರಿನಲ್ಲಿ ಗುರುತು ಹಿಡಿದಾರೆಂದು ರಂಜನಣ್ಣ ಬ್ರಹ್ಮಾವರದವರೆಗೂ ಹೋಗಿ ಮಾರಿ ಬಂದಿದ್ದರು.

ರಂಜನಣ್ಣ ಸ್ಟೂಲಿನ ಮೇಲೆ ಕುಸಿದರು.

"ಬರೀ ತಲೆಗ್ ಹಚ್ಚುವ ಎಣ್ಣೆ, ಎಂತ ಆಪುದ್ ಅಂದ್ಕಂಡೆ. ಡ್ರಮ್ ಮಾರಿದವ ಬಿಳಿ ಎಣ್ಣೆ, ತಲೆಎಣ್ಣೆಗ್ ಹಾಕುದೇ ಅಂದ. ಸ್ಟುಡಿಯೋಕ್ ಯಾರೂ ಬತ್ತಿಲ್ಲೆ, ಕ್ಷಮಾ. ಒಂದೇ ಸಲ ಅಂದ್ಕಂಡೆ." ಆಮೇಲೆ ತಲೆ ಎತ್ತಿದರು. "ಆದ್ರೆ ಹಸ್ರ್ ನಂದ್ ಸಮ ಇತ್ತ್. ಲೇಬಲ್ ಹಿಡ್ಕಂಡ್ ನಾಲ್ಕ್ ದಿನ ಕೂತಿದ್ದೆ. ಹಸ್ರಲ್ ತಪ್ಪಿಲ್ಲೆ."

ನನಗೆ ಅಳು ಬಂತು, ಸಿಟ್ಟೂ ಬಂತು. ಅವರ ಕೈ ಹಿಡಿದು ಎಬ್ಬಿಸಿ ಜಗಲಿಗೆ ಕರೆದುಕೊಂಡು ಹೋದೆ. ಎಸ್.ಐ. ತಡೆಯಲಿಲ್ಲ. ಹೊರಗೆ ಹನ್ನೊಂದು ಗಂಟೆಯ ಬಿಸಿಲು. ಎರಡು ಲೇಬಲ್ಲನ್ನೂ ಅವರ ಅಂ‍ಗೈಯಲ್ಲಿ ಇಟ್ಟೆ.

"ನೀವೇ ಕಲ್ಸಿದ್ದ್ ರಂಜನಣ್ಣ. ಬಿಸ್ಲಲ್ ಕಾಣಿ."

ಅವರು ನೋಡಿದರು. ಅಂಗೈ ತಿರುಗಿಸಿ ಮತ್ತೆ ನೋಡಿದರು. ಕತ್ತಲೆ ಕೋಣೆಯಲ್ಲಿ, ಟ್ಯೂಬ್‌ಲೈಟಿನ ಅಡಿಯಲ್ಲಿ ಅಷ್ಟು ಲೇಬಲ್ ಅಂಟಿಸಿದ ಮನುಷ್ಯ, ಒಂದನ್ನಾದರೂ ಹೊರಗೆ ತಂದಿರಲಿಲ್ಲ.

"ನೀಲಿ," ಎಂದರು ರಂಜನಣ್ಣ. ಆಮೇಲೆ ಜೀಪಿನ ಕಡೆ ನಡೆದರು.

* * *

ಶುಕ್ರವಾರ ಕುಸುಮಕ್ಕನ ಶೆಡ್ಡಿನ ಸೀಲು ತೆಗೆದರು. ಶನಿವಾರವೇ ಅವರು ಪ್ರೆಸ್ಸಿಗೆ ಬಂದರು. ನನ್ನನ್ನು ಬೈದದ್ದರ ಬಗ್ಗೆ ಒಂದು ಮಾತೂ ಇಲ್ಲ. ಮೇಜಿನ ಮೇಲೆ ಒಂದೆಲಗದ ತಂಬುಳಿಯ ಡಬ್ಬಿ ಇಟ್ಟರು.

"ಇನ್ ಯಾರಿಗೂ ನಕಲ್ ಮಾಡುಕ್ ಆಪ್ಕಾಗ. ಮುಚ್ಚಳದ್ ಮೇಲೊಂದ್ ಕೆಂಪು ಚೀಟಿ ಮಾಡ್ಕ್. ದಾಸಾಳ ಹೂವಿನ ಕೆಂಪು." ಡಬ್ಬಿಯ ಪಕ್ಕ ಒಂದು ದಾಸವಾಳ ಇಟ್ಟರು. "ಸ್ಕ್ರೀನಲ್ ಕಂಡಂಗೇ ಬರ್ಕ್, ಹಾಂ."

ಐತಣ್ಣ ಮಷೀನಿನ ಹಿಂದೆ ನಗುವುದು ಕೇಳಿಸಿತು. ನಾನು ಸ್ಕ್ರೀನನ್ನು ಗೋಡೆಯ ಕಡೆಗೆ ತಿರುಗಿಸಿ ಇಟ್ಟೆ.

ಅದರ ಮುಂದಿನ ಬುಧವಾರ ಬೇಬಿಯಕ್ಕನ ಪಟ್ಟಿ ಬಿಚ್ಚುವ ದಿನ. ನಾನೂ ವನಜಳೂ ಆಸ್ಪತ್ರೆಗೆ ಹೋದೆವು. ಡಾಕ್ಟರು ಬಲಗಣ್ಣಿಗೆ ಟಾರ್ಚ್ ಬಿಟ್ಟು ನೋಡಿ, ದೃಷ್ಟಿಗೆ ಅಪಾಯವಿಲ್ಲ, ಹನಿ ಔಷಧ ಮುಂದುವರಿಸಿ ಎಂದರು.

ಬೇಬಿಯಕ್ಕನಿಗೆ ನಾನು ಯಾರೆಂದು ಗೊತ್ತಿರಲಿಲ್ಲ. ಲೇಬಲ್ ಮಾಡಿದವಳು, ಸೀಡಿ ಕೊಟ್ಟವಳು ಎಂದು ಎಲ್ಲ ಹೇಳಿದೆ. ಕ್ಷಮಿಸಿ ಎಂದೆ. ಅವರು ಬಯ್ಯುತ್ತಾರೆ ಎಂದುಕೊಂಡಿದ್ದೆ. ಅವರು ಕೈ ಚಾಚಿದರು.

"ಎಲ್ಲಿ ಕೊಡ್, ಲೇಬಲ್ ಕಾಂಬ."

ಎರಡನ್ನೂ ಕೊಟ್ಟೆ. ಕಿಟಕಿಯ ಬೆಳಕಿಗೆ ಹಿಡಿದರು. ನಾನು ಏನೂ ಕೇಳುವ ಮೊದಲೇ ನಕಲಿಯ ಮೇಲೆ ಬೆರಳಿಟ್ಟರು.

"ಇದ್ ನೀಲಿ. ಅಲ್ದಾ?"

"ಹೌದ್, ಬೇಬಿಯಕ್ಕ."

"ಅಂಗ್ಡಿಯಲ್ ತಕಂಬ ಹೊತ್ತಿಗೇ ಕಂಡಿತ್ತ್ ಮಗಾ. ಯಾವಾಗ್ಲೂ ಇಪ್ಪು ಹಸ್ರ್ ಅಲ್ಲ ಅಂದ್. ಮೂವತ್ತ್ ವರ್ಷ ಹೂ ಕಟ್ಟಿದವ್ಳ್, ನಂಗ್ ಬಣ್ಣ ಗೊತ್ತಾತಿಲ್ಯಾ?" ಅವರು ಲೇಬಲ್ಲನ್ನು ಮಡಿಲಲ್ಲಿ ಇಟ್ಟುಕೊಂಡರು. "ಆದ್ರೆ ಲೇಬಲ್ ಕಂಪ್ಯೂಟರಲ್ ಮಾಡುದಂಬ್ರ್. ಅದ್ ತಪ್ಪುದ್ ಹ್ಯಾಂಗೆ? ಪ್ರಾಯ ಆಯ್ತ್, ನನ್ನ ಕಣ್ಣೇ ಸಮ ಇಲ್ಲೆ ಅಂದ್ಕಂಡೆ."

ವನಜ ಕಿಟಕಿಯ ಕಡೆ ತಿರುಗಿದಳು. ನಾನು ಬೇಬಿಯಕ್ಕನ ಕಣ್ಣಿಗೆ ಹನಿ ಔಷಧ ಹಾಕಿದೆ, ಮೂರು ಹನಿ, ಡಾಕ್ಟರು ಹೇಳಿದ ಹಾಗೆ.